ಶಂಕರಪುರದ ಸಂಧಾನ ಮತ್ತು ನನ್ನ ಹೊಟ್ಟೆಯುರಿ

ವರದಕ್ಷಿಣೆ, ಪಂಕ್ತಿಭೇದ, ಮೂಢನಂಬಿಕೆ ಮೊದಲಾದ ಅನಿಷ್ಟಗಳ ವಿರುದ್ಧ ನಾನು ಭಾಷಣ ಮಾಡಿದ್ದೇನೆ, ಮನವಿಪತ್ರ ಬರೆದಿದ್ದೇನೆ, ಒಮ್ಮೆ ಸುಡುಬಿಸಿಲಿನಲ್ಲಿ ಧರಣಿಯನ್ನೂ ಕುಳಿತಿದ್ದೇನೆ. ಆದರೆ ಸಮಾಜಸೇವಕರಿಗೆ ಇನ್ನೊಬ್ಬ ಸಮಾಜಸೇವಕರ ಮೇಲೆ ಹುಟ್ಟುವ ಹೊಟ್ಟೆಯುರಿಯ ಬಗ್ಗೆ ಯಾವ ವೇದಿಕೆಯಲ್ಲೂ ತುಟಿ ಬಿಚ್ಚಿದವಳಲ್ಲ. ನೆರೆಯವರ ಕಾರು, ತಂಗಿಯ ಕರಿಮಣಿ ಸರ ಇವುಗಳನ್ನು ಕಂಡು ಅಸೂಯೆಪಡುವುದು ಗ್ರಾಹಕ ಸಂಸ್ಕೃತಿಯ ಕೆಡುಕು ಎಂದು ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ನಾನು, ಆರನೆಯ ತರಗತಿಗೆ ಶಾಲೆ ಬಿಟ್ಟ ಒಬ್ಬ ಹೆಂಗಸಿನ ಮೇಲೆ ಎರಡು ವರ್ಷಗಳಿಂದ ಅಸೂಯೆಪಡುತ್ತಿದ್ದೇನೆ. ಅವರು ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ಜೂಲಿಯಾನಾ ಬಾಯಿ.

ನನ್ನ ಈಗಿನ ಆಂದೋಲನ ಜಾಗದ ತಕರಾರುಗಳ ಕುರಿತಾದದ್ದು. ಅಜ್ಜ ಹೂಡಿದ ದಾವೆಯ ತೀರ್ಪನ್ನು ಮೊಮ್ಮಗ ಕೇಳಿಸಿಕೊಳ್ಳುವ ವ್ಯವಸ್ಥೆ ಅನ್ಯಾಯವಾದದ್ದು. ಎರಡೂ ಕಡೆಯವರು ಎದುರುಬದುರು ಕುಳಿತು ಮಧ್ಯಸ್ಥರ ನೆರವಿನಿಂದ ಬಗೆಹರಿಸಿಕೊಂಡರೆ ಸಂಬಂಧವೂ ಉಳಿಯುತ್ತದೆ, ಆಯುಷ್ಯವೂ ಉಳಿಯುತ್ತದೆ. ಇದಕ್ಕಾಗಿ ನಾನು ತರಬೇತಿ ಪಡೆದೆ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿದೆ. ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ ಒಂದು ದುಂಡುಮೇಜು ಇರಿಸಿದೆ. ದುಂಡಗಿದ್ದರೆ ಯಾರೂ ತಲೆಯ ಸ್ಥಾನದಲ್ಲಿ ಕೂರುವಂತಿಲ್ಲ ಎಂಬುದು ಸಮಾನತೆಯ ತತ್ವ. ಕಣ್ಣೀರು ಬಂದವರಿಗೆಂದು ಟಿಶ್ಯೂ ಪೆಟ್ಟಿಗೆಯನ್ನೂ ತಂದಿಟ್ಟೆ. ಕಾರ್ಕಳದ ಇಬ್ಬರು ಅಣ್ಣತಮ್ಮಂದಿರು ತಂದೆ ಬಿಟ್ಟುಹೋದ ಒಂದು ಮನೆ ನಿವೇಶನಕ್ಕಾಗಿ ಮೂರು ಸಲ ಆ ಮೇಜಿಗೆ ಬಂದರು. ಮೂರನೆಯ ಸಲ ತಮ್ಮ ಅತ್ತ. ಅಣ್ಣ ಟಿಶ್ಯೂ ಪೆಟ್ಟಿಗೆ ತಮ್ಮನ ಕಡೆಗೇ ಹೆಚ್ಚು ಸರಿದಿದೆಯೆಂದು ಆಕ್ಷೇಪಿಸಿದ. ಆಮೇಲೆ ಇಬ್ಬರೂ ಬರಲಿಲ್ಲ. ತಿಂಗಳೊಂದು ಕಳೆದು ಒಂದೇ ಬೈಕಿನಲ್ಲಿ ಬಂದಿಳಿದು, ಲಾಡಿನ ಪೊಟ್ಟಣ ನನ್ನ ಕೈಗಿಟ್ಟು, "ಶಂಕರಪುರದ ಬಾಯಿಯ ಜಗಲಿಯಲ್ಲಿ ಒಂದೇ ಬೆಳಿಗ್ಗೆಗೆ ಮುಗಿಯಿತು ಟೀಚರ್. ನೀವು ಮೊದಲೇ ಸ್ವಲ್ಪ ಮೆದು ಮಾಡಿದ್ರಿ ಅಲ್ವಾ, ಅದಕ್ಕೆ" ಎಂದರು. ನಾನು ಮೆದು ಮಾಡುವವಳಂತೆ! ಸಕ್ಕರೆಯ ಆ ಲಾಡು ನನಗೆ ಹಾಗಲಕಾಯಿಯಾಯಿತು.

ಅಂದಿನಿಂದ ಬಾಯಿಯ ಸುದ್ದಿ ನನ್ನ ಕಿವಿ ತಪ್ಪಲಿಲ್ಲ. ಉಡುಪಿಯ ಫ್ಲ್ಯಾಟಿನವರು ಪಾರ್ಕಿಂಗ್ ತಕರಾರಿಗೆ ಅಲ್ಲಿಗೆ ಹೋದರಂತೆ, ಮಣಿಪಾಲದ ಡಾಕ್ಟರೊಬ್ಬರೂ ಹೋದರಂತೆ. ಪ್ರಮಾಣಪತ್ರವಿಲ್ಲ, ದುಂಡುಮೇಜಿಲ್ಲ, ಟಿಶ್ಯೂ ಇಲ್ಲ. ಅರ್ಹತೆಗೆ ಬೆಲೆಯಿಲ್ಲದ ಸಮಾಜ ಎಂದು ಒಂದು ಲೇಖನ ಬರೆಯಲು ಕುಳಿತೆ. ಎರಡನೆಯ ಪುಟದಲ್ಲಿ ಅದು ಅಸೂಯೆಯೆಂದು ನನಗೇ ಗೊತ್ತಾಗಿ ಹರಿದು ಹಾಕಿದೆ.

ಹೀಗಿರುವಾಗ ಪಕ್ಕದ ಮನೆಯ ಹಮೀದರು ಕಂಪೌಂಡು ಗೋಡೆ ಕಟ್ಟಿಸಲು ಹೊರಟರು. ಕಾಪು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅವರು ಇಪ್ಪತ್ತು ವರ್ಷಗಳಿಂದ ನಮ್ಮ ಒಳ್ಳೆಯ ನೆರೆಯವರು. ಬೆಳಿಗ್ಗೆ ಎದ್ದು ನೋಡಿದರೆ ಅಡಿಪಾಯಕ್ಕೆಂದು ಮೇಸ್ತ್ರಿ ಎಳೆದು ಕಟ್ಟಿದ ನೂಲು ನಮ್ಮ ಜಾಗದ ಒಳಗೆ ಒಂದೂವರೆ ಅಡಿ ಬಂದಿದೆ. ಅಲ್ಲಿ ಗೋಡೆಯೆದ್ದರೆ ಹಿಂದಿನ ಬಾವಿಗೆ ನಾವು ಅಡ್ಡಡ್ಡ ನಡೆದು ಹೋಗಬೇಕು. ಪಂಪು ಕೆಟ್ಟರೆ ಹೊರಗೆ ತರಲೂ ದಾರಿಯಿಲ್ಲ. ನಾನು ತೋರುಬೆರಳನ್ನೆತ್ತಿ, "ಹಮೀದರೇ, ಇದು ಒತ್ತುವರಿ. ಜಗತ್ತಿನ ಎಲ್ಲ ಆಕ್ರಮಣಗಳೂ ಇಂತಹ ಒಂದು ನೂಲಿನಿಂದಲೇ ಆರಂಭವಾಗಿವೆ" ಎಂದೆ.

"ಅಯ್ಯೋ ಟೀಚರ್, ಅಷ್ಟು ದೊಡ್ಡ ಮಾತು ಎಂತಕ್ಕೆ? ಕೂತು ಮಾತಾಡುವ. ಕೋರ್ಟು ಬೇಡ ಅಂತ ನೀವೇ ಹೇಳುದಲ್ವಾ?"

ನನ್ನ ಆಂದೋಲನ ಪಕ್ಕದ ಮನೆಯವರೆಗಾದರೂ ತಲುಪಿತಲ್ಲ ಎಂದು ಎದೆಯುಬ್ಬಿತು. "ಆಗಬಹುದು. ನಮ್ಮ ಚಾವಡಿಗೇ ಬನ್ನಿ" ಎಂದೆ.

"ನೀವೇ ಒಂದು ಪಾರ್ಟಿ ಅಲ್ವಾ, ನಿಮ್ಮ ಮೇಜಿನಲ್ಲಿ ಹೇಗೆ ಆಗ್ತದೆ? ಶಂಕರಪುರದಲ್ಲಿ ಒಬ್ಬರು ಬಾಯಿ ಇದ್ದಾರಂತೆ..."

ನಾನು ಒಳಗೆ ಬಂದು ನನ್ನ ಸಂಗಾತಿ ಭಾಸ್ಕರರಲ್ಲಿ ವಕೀಲರ ನಂಬರು ಕೇಳಿದೆ. ಅವರು ಪತ್ರಿಕೆ ಮಡಚಿ, "ತಡೆಯಾಜ್ಞೆ ತರ್ತೀಯಾ? ತಾ ಮಾರಾಯ್ತಿ. ಆದರೆ ಮೊದಲು ಬಸ್ ಸ್ಟ್ಯಾಂಡಿನ ಹತ್ತಿರ ನಿನ್ನ ಫೋಟೋದ ಬ್ಯಾನರು ನೇತಾಡ್ತಾ ಉಂಟಲ್ಲ, 'ಕೋರ್ಟು ಬೇಡ, ಮಾತುಕತೆ ಸಾಕು' ಅಂತ, ಅದನ್ನು ಇಳಿಸಿ ಬಾ" ಎಂದರು. ಬಾವಿಯ ದಾರಿ ಹೋದರೂ ಚಿಂತೆಯಿಲ್ಲ, ಬಾಯಿಯ ಜಗಲಿ ಹತ್ತಲಾರೆ ಎಂದು ನನ್ನ ಒಳಮನಸ್ಸು ಹೇಳುತ್ತಿತ್ತು. ಆದರೆ ಬ್ಯಾನರು ಬಹಳ ಎತ್ತರದಲ್ಲಿತ್ತು.

ಮರುದಿನ ಬೆಳಿಗ್ಗೆ ನಾನೂ ಹಮೀದರೂ ಶಂಕರಪುರಕ್ಕೆ ಹೋದೆವು. ಹಮೀದರು ನನ್ನನ್ನು ಟೀಚರ್ ಎಂದು ಪರಿಚಯಿಸಿದರು, ಬಾಯಿ ನಮ್ಮ ಹೆಸರನ್ನೂ ಪೂರ್ತಿ ಕೇಳಲಿಲ್ಲ. ಇಬ್ಬರ ಮುಂದೆಯೂ ಒಂದೊಂದು ರಾಶಿ ಮೊಗ್ಗು ಸುರಿದು, ಒದ್ದೆ ಬಾಳೆನಾರು ಕೊಟ್ಟು, "ಹೂವಿನ ಗಾಡಿ ಈಗ ಬರ್ತದೆ, ಅದು ಯಾರಿಗೂ ಕಾಯುದಿಲ್ಲ. ಕಟ್ಟುತ್ತಾ ಹೇಳಿ" ಎಂದರು. ಇದು ಶ್ರಮಶೋಷಣೆಯೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು, "ಇವರು..." ಎಂದು ಹಮೀದರತ್ತ ತೋರುಬೆರಳೆತ್ತಿದೆ. ನಾರು ಸಡಿಲಾಗಿ ಅಷ್ಟೂ ಮೊಗ್ಗು ನೆಲಕ್ಕೆ ಬಿತ್ತು.

"ಬೆರಳು ಎತ್ತಬೇಡಿ ಟೀಚರ್, ಹೂ ಹೋಗ್ತದೆ."

ಮತ್ತೆ ಆರಂಭಿಸಿದೆ, ಮತ್ತೆ ಬೆರಳೆದ್ದಿತು, ಮತ್ತೆ ಬಿತ್ತು. ಬೆರಳಿಲ್ಲದೆ ನನಗೆ ಭಾಷಣ ಬರುವುದಿಲ್ಲವೆಂಬುದು ಅಂದೇ ತಿಳಿದದ್ದು. ಎರಡೂ ಕೈ ನಾರಿನಲ್ಲಿ ಸಿಕ್ಕಿಕೊಂಡಿದ್ದಾಗ ನನ್ನ ನಾಲಗೆಯಿಂದ ಹೊರಟದ್ದು ಒಂದೇ ವಾಕ್ಯ: "ಗೋಡೆ ಬಂದರೆ ನಮಗೆ ಬಾವಿಗೆ ದಾರಿ ಸಾಲುವುದಿಲ್ಲ."

"ಅಷ್ಟೇಯಾ?" ಎಂದರು ಹಮೀದರು. "ಒತ್ತುವರಿ, ಆಕ್ರಮಣ ಅಂದಾಗ ನನ್ನನ್ನು ಜೈಲಿಗೇ ಹಾಕ್ತೀರಿ ಅಂತ ಎಣಿಸಿದ್ದೆ."

"ನಿಮ್ಮದು ಎಂತ?" ಎಂದು ಬಾಯಿ ಕೇಳಿದರು.

ಹಮೀದರು ಮೊಗ್ಗಿನಿಂದ ಕಣ್ಣೆತ್ತದೆ, "ಟೀಚರ ಬಚ್ಚಲಿನ ಮೇಲಿನ ಶೀಟು ಒಂದೂವರೆ ಅಡಿ ನಮ್ಮ ಕಡೆಗೆ ಬಂದಿದೆ. ಮಳೆಗಾಲದಲ್ಲಿ ನೀರೆಲ್ಲ ನಮ್ಮ ಅಡಿಗೆಕೋಣೆಯ ಗೋಡೆಗೆ. ಅದಕ್ಕೆ ನಂದೂ ಅವರ ಕಡೆಗೆ ಒಂದೂವರೆ ಅಡಿ ಇರಲಿ ಅಂತ ಮೇಸ್ತ್ರಿಗೆ ಹೇಳಿದೆ. ಟೀಚರಿಗೆ ಹೇಳ್ಲಿಕ್ಕೆ ಹೆದರಿಕೆ. ಭಾಷಣ ಶುರು ಆಗ್ತದಲ್ಲ?" ಎಂದರು.

ನಾನು ನಾಡಿನ ಎಲ್ಲ ಒತ್ತುವರಿಗಳನ್ನೂ ಖಂಡಿಸಿದವಳು. ನನ್ನ ಬಚ್ಚಲಿನ ಸೂರನ್ನು ಮಾತ್ರ ತಲೆಯೆತ್ತಿ ನೋಡಿರಲಿಲ್ಲ. "ಶೀಟು ಕತ್ತರಿಸುತ್ತೇನೆ" ಎಂದೆ. "ನೂಲು ಹಿಂದೆ ಹಾಕಿಸ್ತೇನೆ" ಎಂದರು ಹಮೀದರು. ಹೂವಿನ ಗಾಡಿ ಹಾರ್ನ್ ಮಾಡುವಷ್ಟರಲ್ಲಿ ಮಾತು ಮುಗಿದಿತ್ತು. ಆಮೇಲೆ ಕಾಗದದಲ್ಲಿ ಬರೆದು ಸಹಿಯನ್ನೂ ಹಾಕಿದೆವು. ಹೊರಡುವಾಗ ಬಾಯಿ ಹಮೀದರ ಹೂವನ್ನು ಎತ್ತಿ ನೋಡಿ "ಚಂದ ಕಟ್ಟಿದ್ದೀರಿ" ಎಂದರು. ನನ್ನದನ್ನು ಸದ್ದಿಲ್ಲದೆ ಬಿಚ್ಚಿ ಕಟ್ಟತೊಡಗಿದರು. ನ್ಯಾಯ ಸಿಕ್ಕಿದ ಸಂತೋಷದಲ್ಲೂ ಹೊಟ್ಟೆ ಇನ್ನೊಮ್ಮೆ ಚುರ್ರೆಂದಿತು, ಈ ಸಲ ಹಮೀದರ ಮೇಲೆ.

ಮೊನ್ನೆ ಮಣಿಪಾಲದ ಸಭೆಯೊಂದರಲ್ಲಿ ಈ ಪ್ರಕರಣವನ್ನು ವಿವರವಾಗಿ ಹೇಳಿದೆ: ಇಬ್ಬರು ನೆರೆಯವರು, ಒಂದು ಗೋಡೆ, ಕೈಗೆ ಕೆಲಸ ಕೊಟ್ಟು ಕೋಪ ಇಳಿಸುವ ಹೊಸ ವಿಧಾನ. ಸಭೆ ಮೈಮರೆತು ಕೇಳಿತು. ಮುಂದಿನ ಸಾಲಿನ ಯುವತಿಯೊಬ್ಬಳು ಎದ್ದು, "ಇಷ್ಟು ಒಳ್ಳೆಯ ಮಧ್ಯಸ್ಥಿಕೆ ಮಾಡಿದ್ದು ಯಾರು ಮೇಡಂ?" ಎಂದು ಕೇಳಿದಳು. ಭಾಸ್ಕರರು ಹಿಂದಿನ ಸಾಲಿನಿಂದ ನನ್ನನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಪಡಿಸಿಕೊಂಡು, "ಮಧ್ಯಸ್ಥಿಕೆಯಲ್ಲಿ ಗೋಪ್ಯತೆಯೇ ಮೊದಲ ತತ್ವ. ಹೆಸರು ಹೇಳುವಂತಿಲ್ಲ" ಎಂದು ವಿನಯದಿಂದ ತಲೆ ತಗ್ಗಿಸಿದೆ. ಆ ವಿನಯವನ್ನು ಕಂಡು ಸಭೆ ದೀರ್ಘವಾಗಿ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ಯಾರ ಹಕ್ಕಿನದು ಎಂಬ ತಕರಾರನ್ನು ನಾನು ಇದುವರೆಗೆ ಯಾವ ಮಧ್ಯಸ್ಥರ ಮುಂದೆಯೂ ಇಟ್ಟಿಲ್ಲ.