ಕಂಬಳಿ ಮಾರುವವನ ಉರಿಮೂತ್ರ

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಚನ್ನಗಿರಿಯಲ್ಲಿ ಒಬ್ಬ ಡಾಕ್ಟರ ಬಳಿ ಔಷಧಿ ಬೆರೆಸುತ್ತಿದ್ದ ಕಾಂಪೌಂಡರು. ದೇವರು ಕೊಟ್ಟ ದೇಹ ಇರುವವರೆಗೂ ಇಂಥವು ನಡೆಯುತ್ತಲೇ ಇರುತ್ತವೆ ಎನ್ನುತ್ತಿದ್ದರು.

೧. ಹಿಂಬಾಗಿಲು

ಆಗ ಎರಡನೇ ಮಹಾಯುದ್ಧದ ಕಾಲ. ಹೊನ್ನಾಳಿ, ಜಗಳೂರು ಸಂತೆಗಳಲ್ಲಿ ಕಂಬಳಿ ಮಾರುವವನೊಬ್ಬ ಡಾಕ್ಟರ ಬಳಿ ಬಂದ. ಸಂಜೆಯಾದರೆ ಜ್ವರ, ಬೆವರು, ಸೊಂಟನೋವು, ಉರಿಮೂತ್ರ. ಊರೂರು ತಿರುಗುವವನಿಗೆ ಇಂಥ ಬೇನೆ ಎಂದಮೇಲೆ ಕೆಟ್ಟ ಸಹವಾಸವೇ ಸರಿ ಎಂದು ಜನ ತೀರ್ಮಾನಿಸಿದ್ದರು. ಹೆಂಡತಿ ನ್ಯಾಮತಿಯ ತವರಿಗೆ ಹೋಗಿ ಕೂತಿದ್ದಳು.

ಡಾಕ್ಟರು ಅವನನ್ನು ಮಗ್ಗುಲಾಗಿ ಮಲಗಿಸಿ, ಬೆರಳಿಗೆ ರಬ್ಬರ್ ಗವಸು ಹಾಕಿ ಎಣ್ಣೆ ಸವರಿಕೊಂಡರು.

"ಸ್ವಾಮಿ, ಬೇನೆ ಮುಂದೈತೆ. ನೀವು ಹಿಂದಕ್ಕೆ ಹೊಂಟೀರಿ."

"ಮೂತ್ರಚೀಲದ ಕೆಳಗೆ ಸುಲಿಯದ ಅಡಿಕೆಯಷ್ಟು ಒಂದು ಗ್ರಂಥಿ ಐತಪ್ಪ. ಮುಟ್ಟಾಕೆ ಇದೊಂದೇ ದಾರಿ."

ಮುಟ್ಟಿದೊಡನೆ ಅವನು ಮೇಜಿನ ತುದಿ ಹಿಡಿದುಕೊಂಡ. "ದಾರಿ ಸಿಕ್ತಲ್ರೀ, ಬೇಗ ವಾಪಸ್ ಬರ್ರಿ."

೨. ತಂಪು

ಗ್ರಂಥಿ ಊದಿತ್ತು. ಆದರೆ ಎಷ್ಟು ಹುಡುಕಿದರೂ ಕೆಟ್ಟ ರೋಗದ ಕ್ರಿಮಿ ಕಾಣಲಿಲ್ಲ. ರಕ್ತವನ್ನು ಬೆಂಗಳೂರಿಗೆ ಕಳಿಸಿ, ಡಾಕ್ಟರು ಕೇಳಿದರು: "ಮನೆಯಲ್ಲಿ ಏನು ಔಷಧ ಮಾಡಿದಿ?"

"ಉಷ್ಣ ಅಂದ್ರು. ತಂಪಿಗೆ ಅಂತ ಆಡಿನ ಹಾಲು ಕುಡಿದೆ."

"ಕಾಯಿಸಿ?"

"ಕಾಯಿಸಿದ್ರೆ ತಂಪು ಹೆಂಗಾಗ್ತೈತೆ ರೀ?"

"ಬೇನೆಗೆ ಮುಂಚೆ ಕುಡೀತಿದ್ದಿಲ್ಲ?"

"ಕುರಿಹಟ್ಟಿಗೆ ಹೋದಾಗ ಒಂದು ಲೋಟ. ಬೇನೆ ಬಂದ ಮ್ಯಾಲೆ ದಿನಾ ಎರಡು."

ಡಾಕ್ಟರಿಗೆ ಆ ಹಾಲಿನ ಮೇಲೆಯೇ ಅನುಮಾನ; ಬೆಂಗಳೂರಿನಿಂದ ಬಂದ ಉತ್ತರವೂ ಅದನ್ನೇ ಹೇಳಿತು. ಆಡುಕುರಿಗಳ ಹಸಿ ಹಾಲಿನಲ್ಲಿ ಬರುವ ಜ್ವರದ ಕ್ರಿಮಿ. ಅದು ಆ ಗ್ರಂಥಿಗೆ ಇಳಿಯುವುದು ಬಲು ಅಪರೂಪ. ವಾರಗಟ್ಟಲೆ ಸಲ್ಫಾ ಮಾತ್ರೆ ನಡೆಯಿತು. ರೋಗವನ್ನೇ ಎರಡು ಹೊತ್ತು ಕುಡಿದು ಪಥ್ಯ ಮಾಡಿದವರಲ್ಲಿ ಕಾಂಪೌಂಡರು ಕಂಡದ್ದು ಅವನೊಬ್ಬನನ್ನೇ ಅಂತೆ.

೩. ಮಾವನ ವಿಚಾರಣೆ

ಜ್ವರ ಬಿಟ್ಟಿತು, ಹೆಂಡತಿ ಬರಲಿಲ್ಲ. ಕಡೆಗೆ ಅವಳ ತಂದೆಯೇ ಡಾಕ್ಟರ ಮುಂದೆ ಬಂದು ನಿಂತರು.

"ಮಗಳನ್ನ ಕಳಿಸಬೇಕೋ ಬ್ಯಾಡವೋ ತಿಳೀಬೇಕು. ಮುಚ್ಚಿಡಬ್ಯಾಡ್ರಿ. ಯಾವ ಹೆಣ್ಣಿನಿಂದ ಬಂತು ಇದು?"

ಡಾಕ್ಟರು ಬರೆಯುತ್ತಲೇ ಹೇಳಿದರು: "ಹೆಣ್ಣಿನಿಂದಲ್ಲ ಗೌಡ್ರೆ. ಆಡಿನಿಂದ ಬಂತು."

ಗೌಡರು ಬೆಂಚಿನ ಮೇಲೆ ಕುಸಿದರು. ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ, "ಡಾಕ್ಟ್ರೇ, ಹೆಣ್ಣು ಅಂತಲೇ ಬರೆದುಕೊಡ್ರಿ. ಊರಾಗೆ ಹೇಳಾಕೆ ಅದೇ ವಾಸಿ" ಅಂದರು.

ಡಾಕ್ಟರು ಪೆನ್ನು ಕೆಳಗಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ, ಮಗಳು ಆ ವಾರವೇ ಗಂಡನ ಮನೆಗೆ ಬಂದಳು.

ಇದನ್ನು ಓದಿದವರು ದಯವಿಟ್ಟು ನಾಲ್ಕು ಮನೆಗೆ ಹೇಳಿ. ಹೇಳುವಾಗ ಮಾತ್ರ 'ಹಾಲು' ಎಂಬ ಮಾತನ್ನು ಬಿಡಬೇಡಿ.