ಐಲಿಫನನ್ನು ಬೈಯುವವರಿಲ್ಲ

ಗುನ್ವೋರಳ ಚಿಕ್ಕಮ್ಮ ಓಸ್ಲೋದಿಂದ ಬರದೇ ಇದ್ದಿದ್ದರೆ, ಬಂದವಳು ಬೆಳಿಗ್ಗೆ ಹಾಸಿಗೆಯಲ್ಲೇ ಬಿದ್ದುಕೊಂಡಿದ್ದಿದ್ದರೆ, ಗುನ್ವೋರಳ ಗಂಡ ಐಲಿಫನಿಗೆ ಈ ಗ್ರಹಚಾರ ಇರುತ್ತಿರಲಿಲ್ಲ. ಚಿಕ್ಕಮ್ಮ ಎದ್ದಳು. ಎದ್ದು ಸ್ಟೈನ್‌ವಿಕ್ಕಿನ ದೋಣಿಕಟ್ಟೆಗೆ ಬಂದಳು. ಬಂದು, ಊರಿಗೆಲ್ಲ ಕೇಳುವಂತೆ ಕೂಗಿದಳು.

"ಐಲಿಫ್, ಒಳ್ಳೇದಾಗ್ಲಪ್ಪ. ದೋಣಿ ತುಂಬ ಮೀನು ಸಿಗ್ಲಿ."

ಕಟ್ಟೆಯ ಮೇಲಿದ್ದವರು ಕೈಯ ಕೆಲಸ ಬಿಟ್ಟು ತಿರುಗಿದರು. ಈ ಊರಿನಲ್ಲಿ ಕಡಲಿಗೆ ಹೊರಟವನನ್ನು "ಹಾಳು ಮೀನು ಸಿಗ್ಲಿ, ಹೋಗು" ಎಂದು ಉಗಿದು ಕಳಿಸುವುದೇ ಆಶೀರ್ವಾದ. ಒಳ್ಳೆಯದಾಗಲಿ ಎಂದರೆ ಅವನು ಬರಿಗೈಯಲ್ಲಿ ಬಂದ ಹಾಗೇ ಲೆಕ್ಕ.

"ಮುಗೀತು ಇವನ ಕತೆ," ಅಂದ ಪಕ್ಕದ ಮನೆಯ ಓಡ್ಮುಂಡ್.

ಬೇರೆ ದಿನವಾಗಿದ್ದರೆ ಐಲಿಫ್ ಮನೆಗೆ ಹೋಗಿ ಮಲಗಿಬಿಡುತ್ತಿದ್ದ. ಇವತ್ತು ಹಾಗಿಲ್ಲ. ಮದುವೆಯಾದಾಗಿನಿಂದ ಅವನು ಮಾವ ಹಿಲ್ಮಾರನ ದೋಣಿಯಲ್ಲಿ ಮೀನು ಹಿಡಿದವನು. ಗಾಳ ಬಿಟ್ಟರೆ ಬೈಗುಳ, ಎಳೆದರೆ ಬೈಗುಳ, ಸೀನಿದರೂ ಬೈಗುಳ. ಈಗ ಮುದುಕನ ಮಂಡಿ ಹಿಡಿದುಕೊಂಡಿತ್ತು. "ಒಬ್ಬನೇ ಹೋಗು. ತುಂಬಿಸ್ಕೊಂಡು ಬಂದ್ರೆ ದೋಣಿ ನಿಂದು. ಖಾಲಿ ಬಂದ್ರೆ ನಾಳೆಯಿಂದ ಮತ್ತೆ ನಾನೇ ಬರ್ತೀನಿ, ಮಂಡಿ ಮುರಿದು ಹೋಗ್ಲಿ" ಎಂದಿದ್ದ.

ಮಧ್ಯಾಹ್ನಕ್ಕೆ ನೈಋತ್ಯದಿಂದ ಬಿರುಗಾಳಿ ಎಂದು ರೇಡಿಯೋ ಬೇರೆ ಹೇಳಿತ್ತು. ಫೆಬ್ರವರಿಯ ಬೆಳಕು ಬಡವನ ಮನೆಯ ಬೆಣ್ಣೆಯ ಹಾಗೆ, ಸವರುವಷ್ಟರಲ್ಲಿ ಮುಗಿಯುತ್ತದೆ. ಮೊಟ್ಟೆಯಿಡಲು ಬಂದ ಸ್ಕ್ರೈ ಮೀನು ದಡದ ಹತ್ತಿರವೇ ಇತ್ತು. ಉಳಿದ ದೋಣಿಗಳೆಲ್ಲ ಹೋಗಿ ಆಗಿತ್ತು. ಐಲಿಫ್ ಒಡೆದು ತೆಗೆದ ಮಂಜುಗಡ್ಡೆ ದೋಣಿಯ ಅಂಚಿಗೆ ಮತ್ತೆ ಹತ್ತುತ್ತಿತ್ತು.

"ಯಾರಾದ್ರೂ ಬೈದ್ರೆ ದೋಷ ಹೋಗುತ್ತೆ," ಅಂದಳು ಮೀನು ಒಣಹಾಕುವ ಆಸ್‌ಬ್ಯೋರ್ಗ್. "ಆದ್ರೆ ಹೊಟ್ಟೆಯಿಂದ ಬರ್ಬೇಕು. ನಾಲಿಗೆ ತುದೀಲಿ ಬೈದ್ರೆ ಉಪಯೋಗ ಇಲ್ಲ."

"ಓಡ್ಮುಂಡಣ್ಣ, ನೀನೇ ಬೈಯಣ್ಣ," ಅಂದ ಐಲಿಫ್.

ಓಡ್ಮುಂಡನ ಮಗಳಿಗೆ ಹಿಂದಿನ ದಿನವಷ್ಟೇ ಹೆರಿಗೆಯಾಗಿತ್ತು. "ಹಾಳು ಮೀನು..." ಎಂದು ಶುರು ಮಾಡಿದವನು ಹಲ್ಲು ಕಿರಿದ. "ಆಗ್ತಿಲ್ಲ ಕಣೋ. ಮಗುವಿನ ಮೂಗು ನೆನಪಾಗುತ್ತೆ. ಥೇಟ್ ನಂದೇ."

ಆಸ್‌ಬ್ಯೋರ್ಗ್ ಆದರೂ ಸಿಟ್ಟಿಗೆದ್ದು ಬೈಯಲಿ ಎಂದು ಐಲಿಫ್ ಅವಳ ಮೀನಿನ ತಲೆಗಳ ಬುಟ್ಟಿಗೆ ಜಾಡಿಸಿ ಒದ್ದ. ತಲೆಗಳು ಹಿಮದ ಮೇಲೆ ಉರುಳಿದವು. ಒಂದರ ಮೇಲೆ ಅವನೇ ಕಾಲಿಟ್ಟು, ಜಾರಿ, ಅಂಗಾತ ಬಿದ್ದ.

"ಪಾಪ, ಭಯಕ್ಕೆ ಕಾಲು ನಿಲ್ತಿಲ್ಲ," ಎಂದು ಅವಳು ಅವನನ್ನೇ ಎತ್ತಿ ಬೆನ್ನು ಸವರಿದಳು.

ಚಿಕ್ಕಮ್ಮನ ಕಣ್ಣು ತುಂಬಿತು. "ನನ್ನಿಂದ ಆಗಿದ್ದು, ನಾನೇ ಸರಿ ಮಾಡ್ತೀನಿ. ಐಲಿಫ್, ನಿಂಗೆ ಸ್ವಲ್ಪ ಕಮ್ಮಿ ಮೀನು ಸಿಗ್ಲಿ. ಬೇಜಾರು ಮಾಡ್ಕೋಬೇಡ. ದೇವರು ಕಾಪಾಡ್ಲಿ." ಹೇಳಿ, ಬಿಸಿ ವಾಫಲ್ ತಿಂಡಿಯ ಪೊಟ್ಟಣ ಅವನ ಕೈಗಿಟ್ಟಳು. ಇಲ್ಲಿ ದೋಣಿಗೆ ವಾಫಲ್ ಹತ್ತಿಸುವುದೆಂದರೆ ಮೀನನ್ನು ಕೋಲು ತೋರಿಸಿ ಓಡಿಸಿದಂತೆ. ಓಡ್ಮುಂಡ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

ಐಲಿಫ್ ಪೊಟ್ಟಣ ಎಸೆದು ಮಾವನ ಮನೆಗೆ ಓಡಿದ. ಹಿಲ್ಮಾರ್ ಕಿಟಕಿಯ ಬಳಿ ಕಾಫಿ ಕುಡಿಯುತ್ತಿದ್ದ.

"ಹೊರಡ್ಲಿಲ್ವೇನಪ್ಪಾ? ಪರವಾಗಿಲ್ಲ, ನಿಧಾನಕ್ಕೆ ಹೋಗು."

ಐಲಿಫನ ಕೂದಲು ನೆಟ್ಟಗಾಯಿತು. ಈ ಬಾಯಿಂದ ಅವನು 'ಅಪ್ಪಾ' ಎಂಬ ಮಾತನ್ನು ಕೇಳಿದ್ದೇ ಇಲ್ಲ.

"ಮಾವ, ಒಂದ್ಸಲ ಬೈರಿ."

"ಇವತ್ತು ಬೈಯಲ್ಲ ಅಂತ ಗುನ್ವೋರಳಿಗೆ ಮಾತು ಕೊಟ್ಟಿದ್ದೀನಿ."

ಕಿಟಕಿಯಾಚೆ ನೈಋತ್ಯದ ಆಕಾಶ ಸುಟ್ಟ ಬಾಣಲೆಯ ತಳದಂತೆ ಕಪ್ಪಾಗುತ್ತಿತ್ತು. ಐಲಿಫ್ ಕಣ್ಣು ಮುಚ್ಚಿಕೊಂಡ.

"ಮಾವ, ಲಂಗರಿಗೆ ನೀವು ಹಾಕಿದ ಗಂಟು ನಾನು ಬಿಚ್ಚಿಬಿಟ್ಟೆ. ಅದು ಓಸ್ಲೋದವರು ಬೂಟಿನ ದಾರಕ್ಕೆ ಹಾಕೋ ಗಂಟು."

ಕಾಫಿ ಬಟ್ಟಲು ಗೋಡೆಗೆ ಹೋಯಿತು. "ಥೂ ನಿನ್ನ! ನಿನ್ನ ಗಾಳಕ್ಕೆ ಹಳೇ ಬೂಟು ಸಿಗ್ಲಿ, ಅದೂ ಒಂಟಿ ಬೂಟು. ಸಿಕ್ಕ ಮೀನು ನಿನ್ನ ಮುಖ ನೋಡಿ ವಾಪಸ್ ಹಾರ್ಲಿ. ಏಡಿಗೂ ನೀನು ಬೇಡವಾಗ್ಲಿ!" ಬೈಗುಳ ಕಟ್ಟೆಯವರೆಗೂ ಕುಂಟಿಕೊಂಡು ಬಂತು. ಮುಂದೆ ಓಡುತ್ತಿದ್ದ ಐಲಿಫನ ಕಣ್ಣಲ್ಲಿ ಆನಂದಬಾಷ್ಪ. "ಇನ್ನೂ ಸ್ವಲ್ಪ, ಮಾವ, ಇನ್ನೂ ಸ್ವಲ್ಪ."

ಕಡಲ ಮೇಲೆ ಹೊಗೆಯಂತೆ ಆವಿ ಏಳುತ್ತಿತ್ತು. ಗಾಳ ತಳ ಮುಟ್ಟುವ ಮೊದಲೇ ಮೀನು ಕಚ್ಚಿತು. ಕರುವಿನ ಗಾತ್ರದ ಸ್ಕ್ರೈ, ಒಂದರ ಹಿಂದೆ ಒಂದು. ಕೈಗವಸು ಹೆಪ್ಪುಗಟ್ಟಿ ಹಲಗೆಯಾಯಿತು. ಬಿರುಗಾಳಿಯ ಮೊದಲ ಹೊಡೆತ ಬೆನ್ನಿಗೆ ಬಿದ್ದಾಗ ದೋಣಿಯ ಅಂಚಿಗೂ ನೀರಿಗೂ ನಡುವೆ ಗೇಣುದ್ದವೂ ಉಳಿದಿರಲಿಲ್ಲ. ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತ ಅವನು ಕಟ್ಟೆ ಮುಟ್ಟಿದ.

ಕಟ್ಟೆಯಲ್ಲಿ ಊರೇ ನಿಂತಿತ್ತು. ಮುಂದೆ ಹಿಲ್ಮಾರ್.

"ಮಾವ, ದೋಣಿ ನಂದಾಯ್ತಲ್ಲ?"

"ನಿಂದೇ. ಮಾತು ಅಂದ್ರೆ ಮಾತು." ಮುದುಕ ಮೀನಿನ ರಾಶಿಯನ್ನು ಬಾಯಿ ತೆರೆದು ನೋಡಿದ. "ಇಷ್ಟು ಮೀನು ನಾನೇ ಯಾವತ್ತೂ ಹಿಡಿದಿಲ್ಲ. ಒಂದ್ಸಲ ಬೈದಿದ್ದಕ್ಕೆ ಇಷ್ಟು. ನಾಳೆಯಿಂದ ದಿನಾ ದೋಣೀಲಿ ಬರ್ತೀನಿ. ಗಾಳ ಮುಟ್ಟಲ್ಲ, ಚುಕ್ಕಾಣಿ ಮುಟ್ಟಲ್ಲ. ಕೂತು ಬೈತೀನಿ, ಅಷ್ಟೆ."

"ಇಷ್ಟು ವರ್ಷವೂ ಬೈದ್ರಲ್ಲ ಮಾವ, ಆಗೇನು ಬಂತು?"

"ಆಗ ಕೈಲಿ ಕೆಲಸ ಇತ್ತಲ್ಲೋ. ಅರ್ಧ ಮನಸ್ಸಿಂದ ಬೈತಿದ್ದೆ."

ಊರು ತಲೆಯಾಡಿಸಿತು. ಐಲಿಫ್ ಚಿಕ್ಕಮ್ಮನ ತೋಳು ಹಿಡಿದು ಪಕ್ಕಕ್ಕೆ ಕರೆದ. "ಚಿಕ್ಕಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ನಾಳೆ ನಾವು ಹೊರಡುವಾಗ ಬಂದು ಒಳ್ಳೇದಾಗ್ಲಿ ಅನ್ನಿ. ವಾಫಲ್ಲೂ ತನ್ನಿ. ಮೀನು ಬರದಿದ್ರೆ ಮಾವ ಬೈಯೋದು ಬಿಡ್ತಾರೆ."

"ಮತ್ತೆ ಅದೇ ತಪ್ಪು ಮಾಡ್ತೀನಾ? ಮಧ್ಯಾಹ್ನವೆಲ್ಲ ಆಸ್‌ಬ್ಯೋರ್ಗ್ ಹತ್ರ ಕೂತು ಕಲ್ತಿದ್ದೀನಿ." ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡು, ಹಿಮದ ಮೇಲೆ ಅಚ್ಚುಕಟ್ಟಾಗಿ ಉಗಿದಳು. "ಹಾಳು ಮೀನು ಸಿಗ್ಲಿ, ಹೋಗು."