ಬಿಸಿಗೆ ಹೆದರದ ವೈರು

ತಿರುಪ್ಪೂರಿನ ನಾಚಿಮುತ್ತು ಅವರ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಯಂತ್ರಗಳನ್ನು ಆಡಿಸುವ ಕಂಟ್ರೋಲ್ ಪ್ಯಾನೆಲ್ ಬಾಯ್ಲರ್‌ನ ಪಕ್ಕದಲ್ಲೇ ಇತ್ತು. ಅಲ್ಲಿ ಬೆಂದು ಬೆಂದು ಅದರೊಳಗಿನ ವೈರುಗಳ ಪಿವಿಸಿ ಹೊದಿಕೆ ಒಣಗಿದ ಹಪ್ಪಳದ ಹಾಗೆ ಬಿರಿದುಕೊಂಡಿತು. ಬತ್ತಲೆಯಾದ ಎರಡು ವೈರುಗಳು ಒಂದನ್ನೊಂದು ಮುಟ್ಟಿದವು. ಯಂತ್ರ ನಿಂತಿತು. ತಿಳಿಗುಲಾಬಿಯಾಗಬೇಕಿದ್ದ ಬನಿಯನ್ ಬಟ್ಟೆಯೆಲ್ಲ ಬದನೆಕಾಯಿಯ ಬಣ್ಣಕ್ಕೆ ಬಂದು ಕೂತಿತು.

"ಹೊಸ ಪ್ಯಾನೆಲ್ ಮಾಡಿಸ್ತೀನಿ," ಎಂದರು ನಾಚಿಮುತ್ತು, ಎಲೆಕ್ಟ್ರಿಷಿಯನ್ ಚೆನ್ನಿಮಲೈಯನ್ನು ಕರೆದು. "ಯಾವ ವೈರು ಅಂತ ನೀನೇ ಹೇಳು. ಪ್ಯಾನೆಲ್ ಮಾಡೋ ಕೊಯಮತ್ತೂರಿನವನು ಸಾಯಂಕಾಲ ಫೋನ್ ಮಾಡ್ತಾನೆ. ಆದರೆ ಇನ್ನೊಂದು ಸಲ ಪ್ಯಾನೆಲ್ ನಿಂತರೆ ನೀನೂ ನಿಲ್ತೀಯ. ಗೇಟಿನ ಆಚೆ."

ಅವರು ಇದನ್ನು ಹೇಳಿದ್ದು ಮರದ ಬೆಂಚಿನ ಮೇಲೆ ಕೂತು. ಪಕ್ಕದಲ್ಲಿ ಸೋಫಾ ಇತ್ತು. ಕೊಂಡು ಮೂರು ವರ್ಷವಾದರೂ ಅದರ ಪ್ಲಾಸ್ಟಿಕ್ ತೆಗೆದಿರಲಿಲ್ಲ.

ಚೆನ್ನಿಮಲೈ ತನ್ನ ಕೋಣೆಗೆ ಬಂದು ಕೂತ. ಒಂದು ಕಾಲಕ್ಕೆ ಅದು ಕಂಪ್ಯೂಟರಿನ ಕೋಣೆ. ಕಂಪ್ಯೂಟರ್ ಹೋಯಿತು, ಏಸಿ ಉಳಿಯಿತು, ಅದರ ಕೆಳಗೆ ಇವನ ಮೇಜು ಉಳಿಯಿತು. ಬೆವರುಸಾಲೆಯ ಮೈಯವನಿಗೆ ಇಡೀ ಕಾರ್ಖಾನೆಯಲ್ಲಿ ಅದೊಂದೇ ಸ್ವರ್ಗ. ಉತ್ತರವೇನೋ ಅವನಿಗೆ ಗೊತ್ತಿತ್ತು: ಪಿವಿಸಿ ಆ ಬಿಸಿಗೆ ತಡೆಯದು, ಸಿಲಿಕೋನ್ ಹೊದಿಕೆಯೇ ಬೇಕು. "ಬೆಲೆ ಮಾತ್ರ ನಾಲ್ಕು ಪಟ್ಟು," ಎಂದು ಗೊಣಗಿಕೊಂಡ.

"ನಾಲ್ಕು ಪಟ್ಟಾ?" ಲೆಕ್ಕ ಬರೆಯುವ ಕುಪ್ಪಣ್ಣ ಬಾಗಿಲಲ್ಲೇ ಕೇಳಿಸಿಕೊಂಡಿದ್ದ. "ಒಳಗಿರೋ ತಾಮ್ರ ಅದೇ ಅಲ್ವೇನಪ್ಪಾ? ಮೇಲಿನ ಅಂಗಿಗೆ ಇಷ್ಟು ದುಡ್ಡಾ? ಒಂದು ಫ್ಯಾನ್ ಇಡು, ಪ್ಯಾನೆಲ್‌ಗೆ ಸುಣ್ಣ ಬಳಿ. ನಮ್ಮ ಮಾವನ ಅಕ್ಕಿ ಗಿರಣಿಯಲ್ಲಿ ಹಾಗೇ ಮಾಡಿದ್ರು."

"ಈಗ ಹೇಗಿದೆ ಗಿರಣಿ?"

"ಸುಟ್ಟುಹೋಯ್ತು. ಅದು ಬೇರೆ ಕಾರಣಕ್ಕೆ ಬಿಡು."

ಬಾಯಿಮಾತಿಗೆ ಬೆಲೆಯಿಲ್ಲ, ಕಣ್ಣಿಗೆ ತೋರಿಸಬೇಕು ಎಂದು ಚೆನ್ನಿಮಲೈ ಎರಡು ಬಗೆಯ ವೈರಿನ ತುಂಡುಗಳನ್ನು ಬಾಯ್ಲರ್‌ನ ಹಬೆ ಕೊಳವೆಗೆ ಕಟ್ಟಿದ. ಯಾರೂ ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳಿದ. ಎಲ್ಲರಿಗೂ ಹೇಳಿದ್ದೇ ತಪ್ಪಾಯಿತು. ಅಲ್ಲಿಯವರೆಗೆ ಆ ಕೊಳವೆಯ ಕಡೆ ತಿರುಗಿಯೂ ನೋಡದವರೆಲ್ಲ ಒಬ್ಬೊಬ್ಬರಾಗಿ ಬಂದು ಮುಟ್ಟಿ, ಬೆರಳು ಸುಟ್ಟುಕೊಂಡು, ಅವನನ್ನೇ ಬೈದು ಹೋದರು.

ಊಟದ ನಂತರ ಯಜಮಾನರನ್ನು ಕರೆದುತಂದ. ಪಿವಿಸಿ ತುಂಡು ಹಲಸಿನ ಅಂಟಿನಂತೆ ಕೊಳವೆಗೆ ಮೆತ್ತಿಕೊಂಡು ನಾರುತ್ತಿತ್ತು. ಇನ್ನೊಂದು ಇದ್ದ ಜಾಗದಲ್ಲಿ ಏನೂ ಇರಲಿಲ್ಲ.

ಯಜಮಾನರು ಖಾಲಿ ಜಾಗವನ್ನು ನೋಡಿದರು. "ಇದೇನಾ ನಿನ್ನ ಒಳ್ಳೇ ವೈರು?"

"ಪೂರ್ತಿ ಆವಿಯಾಗಿ ಹೋಗಿದೆ ಅಣ್ಣಾ," ಎಂದ ಕುಪ್ಪಣ್ಣ. "ಇದಾದರೂ ಅಂಟಿಕೊಂಡಿದೆ. ನಿಯತ್ತಿನ ವೈರು."

ಚೆನ್ನಿಮಲೈಗೆ ಗೇಟಿನ ಆಚೆಯ ರಸ್ತೆ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಕ್ಯಾಂಟೀನಿನ ಪಾವಾಯಿ ಚಹಾದ ಕೆಟಲ್ ಹಿಡಿದು ಬಂದಳು. ಕೆಟಲಿನ ಹಿಡಿಗೆ ಕೆಂಪು ಸಿಲಿಕೋನ್ ವೈರು ಬಿಗಿಯಾಗಿ ಸುತ್ತಿಕೊಂಡಿತ್ತು.

"ಅಕ್ಕಾ, ಅದು ನನ್ನದು!"

"ನಿಂದಾ? ಮೆತ್ತಗಿತ್ತು, ಬಿಚ್ಕೊಂಡೆ. ಆಗಿನಿಂದ ಒಲೆ ಮೇಲೇ ಇದೆ, ಎರಡು ಸಲ ಉರಿಯೂ ತಾಗ್ತು, ಏನೂ ಆಗಿಲ್ಲ. ಒಂದು ವರ್ಷದಿಂದ ಕೈ ಸುಟ್ಕೊಳ್ತಿದ್ದೆ ತಂಬಿ, ಈಗ ಕೊಡು ಅಂದರೆ ಕೊಡಲ್ಲ."

ನಾಚಿಮುತ್ತು ಕುದಿಯುವ ಕೆಟಲನ್ನು ಕೈಗೆ ತೆಗೆದುಕೊಂಡರು. ಸುಡಲಿಲ್ಲ. ಹೆಬ್ಬೆರಳಿನಿಂದ ವೈರನ್ನು ಸವರಿದರು. ಇನ್ನೊಮ್ಮೆ ಸವರಿದರು, ಅಂಗಡಿಯಲ್ಲಿ ರೇಷ್ಮೆ ಸೀರೆಯ ಸೆರಗು ನೋಡುವವರ ಹಾಗೆ.

"ಇದನ್ನೇ ಹಾಕಿಸು," ಎಂದರು.

ಕುಪ್ಪಣ್ಣ ಏನೋ ಹೇಳಲು ಬಾಯಿ ತೆರೆದು ಚಹಾ ಕುಡಿದ. ಚೆನ್ನಿಮಲೈಯ ಎದೆಯ ಮೇಲಿಂದ ಬಾಯ್ಲರೇ ಇಳಿದಂತಾಯಿತು. ಕೊಯಮತ್ತೂರಿಗೆ ಅವನೇ ಫೋನ್ ಮಾಡಿ ಹೇಳಿದ.

ಫೋನ್ ಇಟ್ಟಾಗ ಯಜಮಾನರು ಇನ್ನೂ ಯೋಚಿಸುತ್ತ ನಿಂತಿದ್ದರು.

"ಅಲ್ಲಪ್ಪಾ, ಇಂಥಾ ಮಾಲನ್ನ ಯಾರಾದರೂ ಬಾಯ್ಲರ್ ಪಕ್ಕ ಇಡ್ತಾರಾ?"

"ಅಲ್ಲಿಡೋದಕ್ಕೇ ಅಲ್ವಾ ಅಣ್ಣಾ ಆ ವೈರು..."

"ಮದುವೆ ಪಂಚೆ ಉಟ್ಕೊಂಡು ಮೋಟರಿಗೆ ಗ್ರೀಸ್ ಹಾಕ್ತೀಯಾ ನೀನು? ನಿನ್ನ ಕೋಣೆಯಲ್ಲಿ ಏಸಿ ಇದೆ, ಧೂಳಿಲ್ಲ. ಪ್ಯಾನೆಲ್ ಅಲ್ಲಿರಲಿ."

"ಅಲ್ಲಿಂದ ಯಂತ್ರದ ತನಕ ವೈರು ಎಳೀಬೇಕಲ್ಲ?"

"ಹೊರಗೆ ಓಡಾಡೋದಕ್ಕೆ ಪಿವಿಸಿ ಸಾಕು."

"ಅದು ಬಾಯ್ಲರ್ ಪಕ್ಕದಲ್ಲೇ ಹಾದುಹೋಗತ್ತೆ ಅಣ್ಣಾ."

"ಅದಕ್ಕೇ ನೋಡ್ಕೊಳ್ಳೋಕೆ ಹತ್ತಿರ ಒಬ್ಬರಿರಬೇಕು. ಹಳೇ ಪ್ಯಾನೆಲ್ ಇದ್ದ ಜಾಗ ಖಾಲಿ ಇದೆ. ನಿನ್ನ ಮೇಜಿಗೆ ಅಳತೆ ಮಾಡಿದ ಹಾಗಿದೆ. ನಾನು ಹೇಳಿದ್ದು ನೆನಪಿದೆಯಲ್ಲ, ಯಂತ್ರ ನಿಂತರೆ?"

ಕುಪ್ಪಣ್ಣ ಮೇಜಿನ ಒಂದು ಕಡೆ ಹಿಡಿದ. ಮೇಜು ಆ ಸಂಜೆಯೇ ಬಾಯ್ಲರ್ ಪಕ್ಕಕ್ಕೆ ಬಂತು. ಏಸಿಯ ಕೋಣೆ ಇನ್ನೂ ಬಾರದ ಪ್ಯಾನೆಲ್‌ಗಾಗಿ ತಣ್ಣಗೆ ಕಾಯುತ್ತಿತ್ತು.

ಪಾವಾಯಿ ಕೆಟಲ್ ಹಿಡಿದು ಬಂದಾಗ ಚೆನ್ನಿಮಲೈಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವಳು ಲೋಟ ತುಂಬಿಸಿ, ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ತಂಬಿ, ನಿನ್ನ ಮೇಲಿರೋ ಹೊದಿಕೆ ಯಾವುದು?"

"ಪಿವಿಸಿ, ಅಕ್ಕಾ."